ಒಂದೇ ತಾರೀಖಿನ ಕಡತಗಳು

ಅಥವಾ ಅದೂ ಸುಳ್ಳೇ ಇರಬಹುದು. ಕಂಪ್ಯೂಟರನ್ನು ರಿಪೇರಿಗೆಂದು ಹೊನ್ನಾಳಿಯಿಂದ ನ್ಯಾಮತಿಗೆ ಒಯ್ದ ದಿನ ಅದನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡಿದ್ದೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ; ಬರೆಯಲು ಕೂತರೆ ಅನುಮಾನ. ಆ ಬಸ್ಸಿನಲ್ಲಿ ನನಗೆ ಯಾವತ್ತು ಸೀಟು ಸಿಕ್ಕಿದೆ? ಅದಿದ್ದ ಚೀಲವನ್ನು ಡ್ರೈವರ್ ಪಕ್ಕದಲ್ಲೆಲ್ಲೋ ತುರುಕಿ ನಿಂತೇ ಹೋಗಿರಬೇಕು. ತೊಡೆ ಮತ್ತು ಮಗು ಕಥೆಗೆ ಒಪ್ಪುತ್ತವೆ, ಅದಕ್ಕೇ ನೆನಪು ಅವನ್ನು ಇಟ್ಟುಕೊಂಡಿದೆ.

ರಿಪೇರಿ ಅಂಗಡಿಯ ರಹಮತ್ ಸಾಬರು ಹೇಳಿದ ಮಾತು ಮಾತ್ರ ಚೆನ್ನಾಗಿ ನೆನಪಿದೆ. ಇದೆ ಅಂದುಕೊಂಡಿದ್ದೇನೆ.

“ಸರ, ಈ ಮೆಷಿನ್ನಿಗೆ ವಿಂಡೋಸ್ ಹೊರಾಕೆ ಆಗಲ್ಲ, ವಯಸ್ಸಾತು. ಲಿನಕ್ಸ್ ಹಾಕ್ತೀನಿ. ಹಗುರ ಐತೆ.”

“ನನ್ನ ಫೈಲುಗಳು?”

“ಎಲ್ಲಾ ಕಾಪಿ ಮಾಡಿ ಒಂದೇ ಕಡೆ ಹಾಕಿಕೊಡ್ತೀನಿ ತಗೋರಿ. ಒಂದೂ ಎಲ್ಲಿಗೂ ಹೋಗಲ್ಲ.”

ಮಾತಿಗೆ ತಪ್ಪುವ ಮನುಷ್ಯರಲ್ಲ. ಆದರೆ ಮನೆಗೆ ತಂದು ತೆರೆದರೆ ಡಿ ಡ್ರೈವೇ ಇಲ್ಲ! ನಮ್ಮ ಕಡೆ ಡಿ ಎಂಬುದು ಬರೀ ಜಾಗವಲ್ಲ, ಶ್ರದ್ಧೆ. ಮೆಷಿನ್ ಕೆಟ್ಟಾಗಲೆಲ್ಲ ಫಾರ್ಮ್ಯಾಟ್ ಮಾಡಿಸಿದರೆ ಅಳಿದುಹೋಗುವ ಲೌಕಿಕವೆಲ್ಲ ಸಿ. ಪ್ರಳಯದಲ್ಲೂ ಉಳಿಯುವ ಪಾರಮಾರ್ಥಿಕ, ಡಿ. ಈ ಹೊಸ ಧರ್ಮದಲ್ಲಿ ದ್ವೈತವೇ ಇಲ್ಲ. ಎಲ್ಲ ಕಡತಗಳಿಗೂ ಮೂಲವೆಂದು ಒಂದು ಓರೆಗೆರೆ, ಅದರಿಂದಲೇ ಸೃಷ್ಟಿಯೆಲ್ಲ ಕವಲೊಡೆಯುತ್ತದೆ. ಅದರೊಳಗೆಲ್ಲೋ ‘ಹೋಮ್’ ಎಂದು ನನ್ನ ಹೆಸರಿನದೊಂದು ಮನೆ. ಆ ಮನೆಯಿಂದ ಹೊರಗೆ ಏನನ್ನು ಮುಟ್ಟಿದರೂ, ನೀನು ಯಾರು, ಗುಪ್ತಪದ ಹೇಳು ಎಂಬ ಜಬರದಸ್ತು. ಫೋನು ಮಾಡಿದೆ.

“ರಹಮತ್ ಸಾಬ್ರೇ, ಡಿ ಎಲ್ಲಿ?”

“ಇದ್ರಾಗೆ ಡಿ ಇಲ್ರೀ ಸರ.”

“ಹಂಗಾದ್ರೆ ಜೋಪಾನವಾಗಿ ಇಡೋದು ಎಲ್ಲಿ?”

“ಮನೆ ಪೂರಾ ನಿಮ್ದೇ ಆದಮ್ಯಾಲೆ ತಿಜೋರಿ ಯಾಕ್ರೀ?”

ನಾನು ಊರವರಿಗೆ ಅರ್ಜಿ, ವರದಿ ಬರೆದುಕೊಡುವ ನಿವೃತ್ತ ಮೇಷ್ಟ್ರು. ನನ್ನಂಥವರ ಇನ್ನೊಂದು ಪದ್ಧತಿಯನ್ನೂ ನಿಮಗೆ ಹೇಳಬೇಕು: ಹೊಸ ಕಡತವನ್ನು ನಾವು ಯಾರೂ ಹುಟ್ಟಿಸುವುದಿಲ್ಲ. ಹಳೆಯದೊಂದನ್ನು ತೆರೆದು, ಅಕ್ಷರದ ಅಳತೆ, ಅಂಚು ಕೆಡದಂತೆ ಒಳಗಿನ ಮಾತನ್ನಷ್ಟೇ ಬದಲಿಸಿ, ಬೇರೆ ಹೆಸರಿಟ್ಟು ಉಳಿಸುತ್ತೇವೆ. ಗೋವಿನಕೋವಿಯ ಒಂದು ಗೃಹಪ್ರವೇಶದ ಆಮಂತ್ರಣದಿಂದಲೇ ನನ್ನ ಕಂಪ್ಯೂಟರಿನ ಅರ್ಧ ವಾಙ್ಮಯ ಹುಟ್ಟಿದೆ: ಸಂಘದ ವರದಿ, ನಲ್ಲಿ ನೀರಿನ ದೂರು, ಸಾಸ್ವೆಹಳ್ಳಿಯ ಹಿರಿಯರೊಬ್ಬರಿಗೆ ಸಂತಾಪಸೂಚನೆ. ಆ ಸಂತಾಪದ ಕೊನೆಗೆ ‘ಸಕುಟುಂಬ ಸಮೇತರಾಗಿ ಬಂದು ಭೋಜನ ಸ್ವೀಕರಿಸಿ’ ಎಂಬ ಸಾಲು ಅಳಿಯದೆ ಉಳಿದಿತ್ತು. ಯಾರೂ ತಪ್ಪು ಹಿಡಿಯಲಿಲ್ಲ, ಊಟಕ್ಕೆ ಬಂದರು.

ಇದೆಲ್ಲ ನಗುವ ಮಾತಾಗಿತ್ತು, ಜಗಳೂರಿನಿಂದ ಅಕ್ಕನ ಫೋನು ಬರುವವರೆಗೆ.

“ತಮ್ಮಾ, ಸೋಮವಾರ ಮೊಮ್ಮಗಳು ಕಾಲೇಜಿಗೆ ಸೇರ್ತಾಳೆ. ನಾನು ಹೇಳಿ ಬರೆಸಿದ್ನಲ್ಲ, ಅದನ್ನ ಪ್ರಿಂಟು ತೆಗೆಸಿಕೊಂಡು ಬಾ. ಅಜ್ಜಿ ಯಾಕೆ ಓದಲಿಲ್ಲ ಅಂತ ಆ ಹುಡುಗಿಗೆ ಗೊತ್ತಾಗ್ಲಿ.”

ಚನ್ನಗಿರಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ ಅಲ್ಲಿಗೇ ನಿಂತವಳು ಅಕ್ಕ. ಅವಳ ಬಾಳಿನ ಕಥೆಯನ್ನು ಅವಳು ಹೇಳಿದ ಹಾಗೇ ಬೆರಳಚ್ಚು ಮಾಡಿದ್ದೆ. ಹುಡುಕಿದೆ. ಎರಡು ಸಿಕ್ಕವು: ‘ಅಕ್ಕ ಹೇಳಿದ್ದು ಫೈನಲ್’, ‘ಅಕ್ಕ ಹೇಳಿದ್ದು ಹೊಸದು’. ಮೂರು ಪುಟ ಒಂದೇ. ನಾಲ್ಕನೆಯ ಪುಟ ಬೇರೆ. ಒಂದು ಕಡತದಲ್ಲಿ, ‘ಕಾಲೇಜಿನ ಅರ್ಜಿಗೆ ಅಪ್ಪ ಸಹಿ ಹಾಕಲಿಲ್ಲ.’ ಇನ್ನೊಂದರಲ್ಲಿ, ‘ಅಪ್ಪ ಸಹಿ ಹಾಕಿ ಅರ್ಜಿಯನ್ನು ತಮ್ಮನ ಕೈಗೆ ಕೊಟ್ಟಿದ್ದ. ಇವನು ಚನ್ನಗಿರಿಗೆ ಹೋದವನು ಕೊಡದೆ ಬಂದ.’

ಯಾವುದು ಮೊದಲು ಬರೆದದ್ದು? ತಾರೀಖು ನೋಡಿದರಾಯಿತು ಅಂದುಕೊಂಡೆ. ನೋಡಿದರೆ ಗೃಹಪ್ರವೇಶ, ನಲ್ಲಿ ನೀರು, ಸಂತಾಪ, ಅಕ್ಕ, ಎಲ್ಲವೂ ಒಂದೇ ದಿನ ಹುಟ್ಟಿವೆ.

“ಕಾಪಿ ಮಾಡಿದ ದಿನದ ತಾರೀಖೇ ಬಿದ್ದೈತ್ರೀ ಸರ,” ಎಂದರು ಫೋನಿನಲ್ಲಿ ರಹಮತ್ ಸಾಬರು. “ಹಳೇದನ್ನ ಅಳಿಸೇ ಅಲ್ವಾ ಇದನ್ನ ಹಾಕಿದ್ದು. ಯಾಕೆ, ಫೈಲು ಕಳದೈತಾ?”

“ಇಲ್ಲ. ಒಂದು ಜಾಸ್ತಿ ಐತೆ.”

“ಅದಕ್ಕೆ ಯಾರಾದ್ರೂ ಅಳ್ತಾರೇನ್ರೀ!”

ಅವರಿಗೆ ಹೇಗೆ ವಿವರಿಸಲಿ? ಅಪ್ಪನ ಮೇಲೆ ದೂರು ಹೊರಿಸಿದ ಕಡತ ಮೊದಲಿನದಾದರೆ, ಅಕ್ಕ ಆಮೇಲೆ ಸತ್ಯ ನೆನಪಿಸಿಕೊಂಡು ತಿದ್ದಿಸಿದ್ದಾಳೆ. ನನ್ನನ್ನು ಹಿಡಿದುಹಾಕಿದ ಕಡತ ಮೊದಲಿನದಾದರೆ, ಒಂದು ದಿನ ನಾನೇ ಕೂತು, ಅಂಚು ಕೆಡದಂತೆ, ಅಕ್ಕನ ಮಾತನ್ನು ಮೆಲ್ಲಗೆ ಅಳಿಸಿ, ತೀರಿಹೋದ ಅಪ್ಪನ ತಲೆಗೆ ಕಟ್ಟಿದ್ದೇನೆ. ಆಮಂತ್ರಣವನ್ನು ಸಂತಾಪ ಮಾಡಬಲ್ಲ ಕೈಗೆ ಅದೇನು ಕಷ್ಟವೇ? ‘ಫೈನಲ್’ ಎಂದು ಹೆಸರಿಟ್ಟದ್ದು ಯಾವುದೂ ಕೊನೆಯದಾಗುವುದಿಲ್ಲ, ‘ಹೊಸದು’ ಎಂಬುದು ಎಷ್ಟು ಹಳೆಯದೋ ಯಾರು ಬಲ್ಲರು. ಒಂದನ್ನು ಕಸದಬುಟ್ಟಿಗೆ ಎಳೆದುಬಿಡೋಣ ಎಂದು ಮೌಸಿನ ಬಾಣವನ್ನು ಎರಡು ಸಲ ಒಯ್ದೆ. ಯಾವುದನ್ನು ಎಂದು ಹೇಳಲಾರೆ. ನೀವು ಊಹಿಸಿದ್ದೇ ಇರಬಹುದು.

ಭಾನುವಾರ ಎರಡನ್ನೂ ಮುದ್ರಿಸಿಕೊಂಡು ಜಗಳೂರಿನ ಬಸ್ಸು ಹತ್ತಿದೆ. ಅಕ್ಕ ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎರಡೂ ನಾಲ್ಕನೆಯ ಪುಟಗಳನ್ನು ಓದಿದೆ. ಮೊಮ್ಮಗಳು ಮೊಬೈಲು ಕೆಳಗಿಟ್ಟಳು.

“ಯಾವುದು ನೀನು ಹೇಳಿದ್ದು, ಅಕ್ಕ?”

“ಎರಡೂ ನನ್ನ ಮಾತಿನ ಹಂಗೇ ಅದಾವಪ್ಪ.” ಅಕ್ಕ ಕೈಯ ಸಿಪ್ಪೆ ಕೊಡವಿದಳು. “ಒಂದ್ಸಲ ನಿನ್ನ ನಂಬಿ ಹೇಳಿರ್ಬೇಕು, ಇನ್ನೊಂದ್ಸಲ ನಂಬದೆ.”

“ಅಂದ್ರೆ?”

“ಸಹಿ ಹಾಕಿದ್ದನ್ನ ನಾನೆಲ್ಲಿ ನೋಡಿದ್ದೆ? ಅಡುಗೆಮನೆಯಾಗಿದ್ದೆ. ಅಪ್ಪ ಸಹಿ ಹಾಕಲಿಲ್ಲ ಅಂತ ಸಂಜೆ ಬಂದು ಹೇಳಿದ್ದು ನೀನು. ಅಪ್ಪನ್ನ ಕೇಳಾಕೆ ನಂಗೆ ಧೈರ್ಯ ಇರ್ಲಿಲ್ಲ. ಈಗ ಈ ಹುಡುಗಿ ಮುಂದೆ ಹೇಳಿಬಿಡು ತಮ್ಮಾ, ನಾನೇನು ಹೊಡಿಯಲ್ಲ. ಸಹಿ ಇತ್ತಾ?”

ನಾನು ಚನ್ನಗಿರಿಗೆ ಹೋಗಿದ್ದು ನಿಜ; ಹದಿಮೂರೋ ಹದಿನಾಲ್ಕೋ ವಯಸ್ಸು. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದವಿತ್ತು, ಬೆವರಿಗೆ ಮೆತ್ತಗಾಗಿತ್ತು. ಕಾಲೇಜಿನ ಗೇಟಿನವರೆಗೆ ಹೋದ ನೆನಪಿದೆ, ಒಳಗಿನದೇನೂ ನೆನಪಿಲ್ಲ. ಅಂಜಿ ವಾಪಸು ಬಂದು ಸುಳ್ಳು ಹೇಳಿದೆನೋ, ಸಹಿಯಿಲ್ಲದ ಅರ್ಜಿಯನ್ನೇ ಹುಡುಗುಬುದ್ಧಿಯಿಂದ ಒಯ್ದಿದ್ದೆನೋ, ಅಥವಾ ಆ ಗೇಟನ್ನೂ ಈಚೆಗೆ ಕಟ್ಟಿಕೊಂಡೆನೋ. ನೆನಪಿನಲ್ಲಿ ಆ ಕಾಗದವನ್ನು ಬಿಡಿಸಿ ನೋಡಲು ಎಷ್ಟೋ ಸಲ ಯತ್ನಿಸಿದ್ದೇನೆ. ಒಮ್ಮೆ ಸಹಿ ಇರುತ್ತದೆ, ಒಮ್ಮೆ ಇರುವುದಿಲ್ಲ.

“ಗೊತ್ತಿಲ್ಲ ಅಕ್ಕ,” ಎಂದೆ.

ಅಕ್ಕ ಎರಡೂ ಪ್ರತಿಗಳನ್ನು ಮೊಮ್ಮಗಳ ಕೈಗೆ ಕೊಟ್ಟಳು. ಅಕ್ಕ ನನ್ನನ್ನು ನಂಬಿದಳೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.