ಕುರಿ ಎಷ್ಟು ಎಂಬ ಪ್ರಶ್ನೆ

ಮೊದಲ ಸಲ ವೀಸಾ ಸಂದರ್ಶನಕ್ಕೆಂದು ಚೆನ್ನೈಗೆ ಹೋದಾಗ ನಾನು ಸೋತದ್ದು ಇಂಗ್ಲಿಷಿನಿಂದಲ್ಲ. ಪಶುವೈದ್ಯಕೀಯ ಪದವಿ ಮುಗಿಸಿದ್ದೆ. ಕುರಿಗಳ ರೋಗದ ಬಗ್ಗೆ ಮುಂದೆ ಓದಲು ವಿದೇಶದಲ್ಲಿ ಸೀಟು ಸಿಕ್ಕಿತ್ತು, ಖರ್ಚೆಲ್ಲ ಆ ವಿಶ್ವವಿದ್ಯಾಲಯದ್ದೇ. ಗಾಜಿನ ಕಿಟಕಿಯ ಆಚೆಗಿದ್ದ ಅಧಿಕಾರಿ, ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ಕುರಿ ಸಾಕುತ್ತಾರೆ ಎಂದೆ. ಎಷ್ಟು ಕುರಿ ಇವೆ ಎಂದರು. ನಾನು ತಲೆ ತಗ್ಗಿಸಿ ನಿಂತೆ. ಇನ್ನೊಮ್ಮೆ ಕೇಳಿದರು. ಬಹಳ ಇವೆ ಎಂದೆ. ಓದು ಮುಗಿದ ಮೇಲೆ ನೀವು ಊರಿಗೆ ಮರಳುತ್ತೀರಿ ಎಂದು ನಾನು ಹೇಗೆ ನಂಬಲಿ ಎಂದು ಅವರು ಕೇಳಿದಾಗಲೂ ನನ್ನ ಕಣ್ಣು ನೆಲದ ಮೇಲೇ ಇತ್ತು. ವೀಸಾ ಇಲ್ಲ ಎಂಬ ಚೀಟಿ ಹಿಡಿದುಕೊಂಡು ಹೊರಗೆ ಬಂದೆ.

ಊರು ಮುಟ್ಟುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತ್ತು. ಅಧಿಕಾರಿಯ ಮೇಲಲ್ಲ, ನಮ್ಮ ಮನೆಯ ಮೇಲೆ. ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಕಡೆಯವರು ನಾವು. ನಮ್ಮ ಮನೆಯಲ್ಲಿ ಕುರಿ ಎಣಿಸುವುದಿಲ್ಲ. ಎಣಿಸಿದರೆ ದೃಷ್ಟಿ ತಾಗುತ್ತದೆ, ಹಿಂಡು ಕರಗುತ್ತದೆ ಎಂಬ ನಂಬಿಕೆ. ಒಂದನೇ ತರಗತಿಯಲ್ಲಿ ನೂರರವರೆಗೆ ಕಲಿತ ಜಂಬಕ್ಕೆ ನಾನೊಮ್ಮೆ ರೊಪ್ಪದ, ಅಂದರೆ ಕುರಿ ಕೂಡುವ ಮುಳ್ಳುಬೇಲಿಯ ದೊಡ್ಡಿಯ, ಮುಂದೆ ನಿಂತು ಗಟ್ಟಿಯಾಗಿ ಎಣಿಸತೊಡಗಿದ್ದೆ. ಹದಿನೇಳಕ್ಕೆ ಬರುವಷ್ಟರಲ್ಲಿ ಅಜ್ಜಿ ಬಂದು ತೊಡೆ ಚಿವುಟಿದಳು. ಹದಿನೇಳು ಎಂದರೆ ಈಗಲೂ ನನ್ನ ಕೈ ತೊಡೆಯ ಮೇಲೆ ಹೋಗುತ್ತದೆ.

ಅಪ್ಪನಿಗೆ ಎಣಿಕೆ ಬೇಕಾಗಿಯೂ ಇರಲಿಲ್ಲ. ಸಂಜೆ ಕುರಿ ಒಳಗೆ ಬರುವಾಗ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡುತ್ತಾನೆ. 'ಆ ಹರಕ ಕಿವಿದು ಬಂದಿಲ್ಲ' ಎಂದು ಕೋಲು ಹಿಡಿದು ಹೊರಟುಬಿಡುತ್ತಾನೆ. ಒಮ್ಮೆಯೂ ತಪ್ಪಿದ್ದಿಲ್ಲ. ಲಸಿಕೆ ಹಾಕಲು ಬಂದವರು ಎಷ್ಟದಾವ ಎಂದರೆ 'ಒಂದಿಷ್ಟು ಅದಾವ ನೋಡ್ರಿ' ಎನ್ನುತ್ತಾನೆ. ನಾನು ಡಾಕ್ಟರಾದ ಮೇಲೆ ನಮ್ಮ ಕಡೆಯ ಹಳ್ಳಿಗಳಲ್ಲಿ ಎಷ್ಟು ಕುರಿ ಎಂದು ಕೇಳದೆ, ಎಷ್ಟು ಬಾಟ್ಲಿ ಔಷಧಿ ಬೇಕು ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೆ. ಈ ಜಾಣತನ ಚೆನ್ನೈಯಲ್ಲಿ ನಡೆಯಲಿಲ್ಲ.

ಎರಡನೇ ಸಲ ಅರ್ಜಿ ಹಾಕಿದೆ. ಈ ಸಲವೂ ತಪ್ಪಿದರೆ ಸೀಟು ಬೇರೆಯವರಿಗೆ ಹೋಗುತ್ತದೆಂದು ವಿಶ್ವವಿದ್ಯಾಲಯದಿಂದ ಪತ್ರ ಬಂದಿತ್ತು. ಕೊಟ್ಟೂರಿನಲ್ಲಿ ನನಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಮೇಷ್ಟ್ರಿದ್ದರು, ನಿವೃತ್ತರು. ಅವರಲ್ಲಿಗೆ ಹೋದೆ. ಅವರ ತಯಾರಿಯ ಕ್ರಮವೇ ಬೇರೆ. ತಾವು ಮನೆಯ ಒಳಗೆ ಕುರ್ಚಿ ಹಾಕಿಕೊಂಡು ಕೂತು, ನನ್ನನ್ನು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯ ಸರಳಿನ ಸಂದಿಯಿಂದ ಪ್ರಶ್ನೆ ಕೇಳುತ್ತಿದ್ದರು. ಅಲ್ಲಿ ಗಾಜಿದ್ದರೆ ಇಲ್ಲಿ ಸರಳು, ಅಷ್ಟೇ ವ್ಯತ್ಯಾಸ ಎನ್ನುತ್ತಿದ್ದರು. ಹಾದು ಹೋಗುವವರು ಸುಮ್ಮನಿರುತ್ತಾರೆಯೇ? 'ಏನ್ ಸರ, ರೇಷನ್ ಅಂಗಡಿ ತಗದ್ರೇನು?' ಎಂದು ಒಬ್ಬರು ಕೇಳಿದರು. 'ಹೌದು, ಪಾಳಿ ಹಚ್ಚು' ಎಂದರು ಮೇಷ್ಟ್ರು.

ಹಿರಿಯರ ಮುಂದೆ ತಲೆ ತಗ್ಗಿಸುವ ನನ್ನ ಅಭ್ಯಾಸ ಬಿಡಿಸಲಿಕ್ಕೇ ನಾಲ್ಕು ದಿನ ಹಿಡಿಯಿತು. 'ನೆಲದಾಗ ಏನ್ ಹುಡುಕ್ತಿ? ನನ್ನ ನೋಡು' ಎಂದು ಗದರುತ್ತಿದ್ದರು. ಗದರಿದ ಮೇಲೆ ಅವರ ಮನೆಯವರು ಮಂಡಕ್ಕಿ, ಮೆಣಸಿನಕಾಯಿ ಕೊಡುತ್ತಿದ್ದರು. ಐದನೇ ದಿನ ಮೇಷ್ಟ್ರು ಕುರಿ ಎಷ್ಟು ಎಂದು ಕೇಳಿದರು.

'ಸರ, ಅದೊಂದು ಬಿಟ್ಟು ಕೇಳ್ರಿ' ಎಂದೆ.

'ಅವ್ರು ಬಿಟ್ಟು ಕೇಳ್ತಾರೇನವ್ವಾ? ಮನ್ಯಾಗ ಏನೈತಿ ಅಂತ ಗೊತ್ತಿಲ್ಲದಾಕಿ ಮನಿಗೆ ವಾಪಸ್ ಬರ್ತಾಳ ಅಂದ್ರ ಯಾರು ನಂಬ್ತಾರ? ಬಾಯಿಗೆ ಬಂದದ್ದು ಹೇಳಬ್ಯಾಡ ಮತ್ತ. ನಿನ್ನ ಮಾರಿ ನೋಡಿದ್ರ ಸುಳ್ಳು ತಿಳಿದುಬಿಡ್ತೈತಿ. ನಿಮ್ಮಪ್ಪನ್ನ ಕೇಳ್ಕೊಂಡು ಬಾ.'

ಅಂದು ಸಂಜೆ ಅಪ್ಪ ರೊಟ್ಟಿ ಮುರಿಯುತ್ತಿದ್ದಾಗ ಕೇಳಿಯೇಬಿಟ್ಟೆ. 'ಅಪ್ಪಾ, ಕುರಿ ಎಷ್ಟದಾವ?'

ಅಪ್ಪನ ಕೈ ನಿಂತಿತು. 'ಯಾರಿಗೆ ಬೇಕಾಗೈತಿ?'

'ಚೆನ್ನೈಯಾಗಿನ ಸಾಹೇಬ್ರಿಗೆ.'

'ಅವ್ರು ಕೊಳ್ಳೋರೇನು?'

'ಅಲ್ಲ.'

'ಮತ್ಯಾಕ ಬೇಕು?'

ನಾನು ಮೂಗಿನ ತುದಿಯಲ್ಲೇ ಸಿಟ್ಟು ಇರುವವಳು. 'ನಿನಗ ಕುರಿ ಹೆಚ್ಚು, ನಾನ ಕಡಿಮಿ' ಎಂದುಬಿಟ್ಟೆ. ಅಪ್ಪ ಅರ್ಧ ರೊಟ್ಟಿಗೇ ಕೈ ತೊಳೆದು ಎದ್ದು ಹೋದ. ಮಾತು ಆಡಿದರೆ ಹೋಯಿತು ಎಂಬುದು ಗೊತ್ತಿದ್ದೂ ಆಡಿದ್ದೆ. ಆಮೇಲೆ ನನಗೂ ಊಟ ಸೇರಲಿಲ್ಲ.

ಚೆನ್ನೈಗೆ ಹೊರಡುವ ಬೆಳಿಗ್ಗೆ ಅಪ್ಪ ತನ್ನ ಹಳೆಯ ಎಲೆ ಅಡಿಕೆಯ ಸಂಚಿಯನ್ನು ನನ್ನ ಕೈಗಿಟ್ಟ. ಬಿಚ್ಚಿ ನೋಡಿದರೆ ತುಂಬ ಹುಣಸೆ ಬೀಜ.

'ನಿನ್ನೆ ಸಂಜಿ ಕುರಿ ಒಳಗ ಬರುವಾಗ ಒಂದಕ್ಕೊಂದು ಬೀಜ ಹಾಕೇನಿ. ನಾ ಎಣಿಸಿಲ್ಲ. ಊರು ದಾಟಿದ ಮ್ಯಾಲೆ ನೀ ಎಣಿಸ್ಕೊ' ಎಂದ.

ನಾನು ಆ ದಿನ ಆಡಿದ್ದಕ್ಕೆ ತಪ್ಪಾಯಿತು ಎನ್ನಬೇಕಿತ್ತು. ಹೂಂ ಎಂದಷ್ಟೇ ಅಂದೆ. ಕೂಡ್ಲಿಗಿಯಲ್ಲಿ ಬೆಂಗಳೂರಿನ ಬಸ್ಸು ಹತ್ತಿ, ಊರು ಹಿಂದೆ ಬಿದ್ದ ಮೇಲೆ ಸೆರಗಿನಷ್ಟಗಲ ದುಪಟ್ಟ ಹರಡಿಕೊಂಡು ಎಣಿಸಲು ಕೂತೆ. ಬಸ್ಸು ಕುಲುಕಿದಾಗೆಲ್ಲ ಲೆಕ್ಕ ತಪ್ಪುತ್ತಿತ್ತು. ಪಕ್ಕದ ಸೀಟಿನ ಹೆಂಗಸು 'ಚೌಕಾಬಾರ ಆಡಾಕ ಒಯ್ತಿಯೇನವ್ವಾ ಇಷ್ಟು?' ಎಂದು ನಕ್ಕು, ಕೆಳಗೆ ಬಿದ್ದದ್ದನ್ನು ಆರಿಸಿಕೊಟ್ಟಳು. ಮೂರು ಸಲ ಎಣಿಸಿದೆ, ಕೊನೆಯ ಎರಡು ಸಲ ಒಂದೇ ಬಂತು. ಆ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಓದುಗರ ಕಣ್ಣು ಕೆಟ್ಟದ್ದೆಂದಲ್ಲ, ಅಜ್ಜಿಯ ಚಿವುಟು ನೆನಪಿದೆ.

ಈ ಸಲ ಕಿಟಕಿಯ ಆಚೆ ಒಬ್ಬ ಮಹಿಳೆ ಇದ್ದರು. ತಂದೆ ಏನು ಮಾಡುತ್ತಾರೆ, ಎಷ್ಟು ಕುರಿ ಎಂದು ಅವರೂ ಕೇಳಿದರು. ಅವರ ಮುಖ ನೋಡಿ ಸಂಖ್ಯೆ ಹೇಳಿದೆ. ಅವರು ನಕ್ಕರು. ನಾನು ಓದಲಿರುವ ನೀಲಿ ನಾಲಿಗೆ ರೋಗದ ಬಗ್ಗೆ ಒಂದೆರಡು ಮಾತು ಕೇಳಿದರು. ಮರಳಿ ಬಂದು ಏನು ಮಾಡುತ್ತೀರಿ ಎಂದದ್ದಕ್ಕೆ, ನಮ್ಮ ರೊಪ್ಪದಿಂದಲೇ ಕೆಲಸ ಶುರು ಮಾಡುತ್ತೇನೆ ಎಂದೆ. ಪಾಸ್‌ಪೋರ್ಟನ್ನು ತಮ್ಮ ಬಳಿ ಇಟ್ಟುಕೊಂಡು, ವೀಸಾ ಕೊಟ್ಟಿದ್ದೇವೆ ಎಂದರು. ಹೊರಗೆ ಬಂದು ಮೊದಲು ಮೇಷ್ಟ್ರಿಗೆ ಫೋನ್ ಮಾಡಿದೆ. ಅಪ್ಪನಿಗೆ ಎದುರಿಗೇ ಹೇಳಬೇಕೆನ್ನಿಸಿತು.

ಮರುದಿನ ಸಂಜೆ ಊರು ಮುಟ್ಟಿದಾಗ ಕುರಿಗಳು ಒಳಗೆ ಬರುತ್ತಿದ್ದವು. ಅಪ್ಪ ಎಂದಿನಂತೆ ಬಾಗಿಲಲ್ಲಿದ್ದ. ನಾನೂ ಪಕ್ಕದಲ್ಲಿ ನಿಂತೆ. ಕಡೆಯ ಮರಿ ಒಳಗೆ ಹೋದ ಮೇಲೆ, ವೀಸಾ ಸಿಕ್ಕಿತು ಎಂದೆ.

'ಚಲೋ ಆತು. ಕುರಿ ಎಷ್ಟು ಅಂತ ಕೇಳಿದ್ರೇನು?'

'ಕೇಳಿದ್ರು. ಬೀಜ ಎಷ್ಟಿದ್ವೋ ಅಷ್ಟು ಹೇಳಿದೆ.'

'ಅದ್ರಾಗ ಒಂದು ಹೆಚ್ಚಿಗಿ ಹಾಕಿದ್ದೆ' ಎಂದ.

'ಅಂದ್ರ ಅಂಥೋರ ಮುಂದ ನಾ ಸುಳ್ಳು ಹೇಳಿದಂಗಾತಲ್ಲಪ್ಪಾ. ದೃಷ್ಟಿ ಆಗಬಾರದಂತ ಹಾಕಿದ್ಯೇನು?'

'ದೃಷ್ಟಿಗಲ್ಲ ಬಿಡು. ಎಲ್ಲಾ ಒಳಗ ಬಂದ ಮ್ಯಾಲೂ ನಾ ಇಲ್ಲಿ ಒಂದೀಟು ನಿಂದರ್ತೀನಿ. ನೀ ಹಾಸ್ಟೆಲ್ಲಿಗೆ ಹೋದಾಗಿಂದ ದಿನಾ ಸಂಜಿ ಒಂದು ಕಡಿಮಿನ ಬರ್ತೈತಿ. ಆ ಬೀಜ ನಿಂದು.'

ನನಗೆ ಅಳು ತಡೆಯಲಾಗಲಿಲ್ಲ. ಆ ಸಂಜೆ ಅಪ್ಪ ಬಾಗಿಲಲ್ಲಿ ಇನ್ನು ಕಾಯುತ್ತ ನಿಲ್ಲಲಿಲ್ಲ. ಮುಳ್ಳಿನ ತಡಿಕೆ ಎಳೆದು ಮುಚ್ಚಿ, 'ನಡಿಯವ್ವಾ, ಉಣ್ಣೋಣು' ಎಂದ.