ಸಾಲ ನನ್ನದೇ ಎಂದ ಅಸ್ಫಾಕ

ರವಿಕೆಯ ಖಣಕ್ಕೆ ಕತ್ತರಿ ಇಟ್ಟ ಮೇಲೆ ಕಲ್ಲೋಳಿಯ ದರ್ಜಿ ಅಸ್ಫಾಕ ಫೋನು ಮುಟ್ಟುತ್ತಿರಲಿಲ್ಲ. ಖಣದ ಅಂಚು ಕೂದಲೆಳೆಯಷ್ಟು ಸರಿದರೂ ಎರಡು ತೋಳಿನ ಪಟ್ಟಿ ಒಂದಕ್ಕೊಂದು ಕೂಡುವುದಿಲ್ಲ. ತೊಡುವ ಹೆಣ್ಣುಮಕ್ಕಳು ಅದನ್ನು ಮರೆಯುವುದೂ ಇಲ್ಲ. ಹಾಗಾಗಿ ಅಂಗಡಿಯ ಫೋನು ರಿಂಗಾದರೆ ಮುಂದಿನ ಕಟ್ಟೆಯ ಮೇಲೆ ಯಾರು ಹತ್ತಿರವಿದ್ದಾರೋ ಅವರೇ ಎತ್ತಿ ಮಾತಾಡುವುದು ರೂಢಿ. ಹೆಚ್ಚಾಗಿ ಎತ್ತುವವರು ಇಬ್ಬರು: ಪಕ್ಕದಲ್ಲಿ ಕಾಯಿಪಲ್ಯ ಮಾರುವ ಶಿವಗಂಗವ್ವ, ಮತ್ತು ಬಸ್ ಡ್ರೈವರ್ ಕೆಲಸದಿಂದ ನಿವೃತ್ತನಾದ ಅಣ್ಣಪ್ಪ. ಅಣ್ಣಪ್ಪನಿಗೆ ಮನೆಯಲ್ಲಿ ಮಾಡಲು ಕೆಲಸವಿರಲಿಲ್ಲ. ಇದನ್ನು ಅವನ ಹೆಂಡತಿ ಒಪ್ಪುತ್ತಿರಲಿಲ್ಲ.

ಎಂಬ್ರಾಯಿಡರಿ ಮಶೀನಿಗೆಂದು ಅಸ್ಫಾಕ ಗೋಕಾಕದ ಒಂದು ಫೈನಾನ್ಸಿನಲ್ಲಿ ಸಾಲ ತೆಗೆದಿದ್ದ. ಮೊದಲ ವರ್ಷ ಕಂತು ಸರಿಯಾಗಿ ಹೋದವು. ಆಮೇಲೆ ಊರಿಗೆ ರೆಡಿಮೇಡ್ ಬ್ಲೌಸಿನ ಅಂಗಡಿ ಬಂತು. ಕಂತು ನಿಂತವು, ವಸೂಲಿಯ ಫೋನು ಶುರುವಾದವು. ಚಹಾದ ಹೊತ್ತಿಗೆ ಒಂದು, ಊಟಕ್ಕೆ ಕೂತಾಗ ಒಂದು, ನಮಾಜಿಗೆ ಹೊರಟಾಗ ಒಂದು. ಆ ಕೆಟ್ಟ ದಿನಗಳಲ್ಲಿ ಅವನನ್ನು ಕಾಪಾಡಿದವರು ಕಟ್ಟೆಯವರೇ.

"ಅಸ್ಫಾಕ ಅದಾರೇನ್ರಿ?"

"ಇಲ್ರಿ, ಘೋಡಗೇರಿಗೆ ಮದವಿಗೆ ಹೋಗ್ಯಾನ್ರಿ."

ಅಣ್ಣಪ್ಪನಂತೂ ತನ್ನ ಹಳೆಯ ರೂಟುಗಳನ್ನೆಲ್ಲ ನೆನಪಿಸಿಕೊಂಡು ಅವನನ್ನು ದಿನಕ್ಕೊಂದು ಊರಿಗೆ ಕಳಿಸುತ್ತಿದ್ದ.

ಹೀಗೆ ಎಷ್ಟು ದಿನ? ಒಂದು ದಿನ ಅಸ್ಫಾಕ ತಾನೇ ಫೈನಾನ್ಸಿಗೆ ಫೋನು ಹಚ್ಚಿ, ಇದ್ದದ್ದನ್ನು ಇದ್ದಂತೆ ಹೇಳಿದ. ವಸೂಲಿ ಸಾಹೇಬ ಬಸವಲಿಂಗ ಲೆಕ್ಕ ಹಾಕಿ ಕಂತನ್ನು ಅರ್ಧಕ್ಕೆ ಇಳಿಸಿದ. ಷರತ್ತು ಒಂದೇ.

"ಸೋಮವಾರಕ್ಕೊಮ್ಮೆ ಫೋನ್ ಮಾಡತೇನಿ. ನೀವ ಮಾತಾಡಬೇಕು. ಒಂದ ಸುಳ್ಳ ಬಂತಂದ್ರ ಮಶೀನ ಗಾಡ್ಯಾಗ ಹಾಕ್ಕೊಂಡ ಹೋಗತೇನಿ."

ಅಸ್ಫಾಕ ಕಟ್ಟೆಯವರಿಗೆ ಸುದ್ದಿ ಮುಟ್ಟಿಸಿದ. "ಕಾಕಾ, ಇನ್ನ ಸುಳ್ಳ ಹೇಳಬ್ಯಾಡ್ರಿ. ಎಲ್ಲಾ ಸರಿ ಆಗೇತಿ."

"ತಿಳೀತು, ತಿಳೀತು," ಎಂದು ಅಣ್ಣಪ್ಪ ಕಣ್ಣು ಹೊಡೆದ. ಅವನಿಗೂ ಶಿವಗಂಗವ್ವನಿಗೂ ತಿಳಿದದ್ದು ಇಷ್ಟು: ಪಾಪ, ಹೆದರಿದ್ದಾನೆ, ಇನ್ನು ಮುಂದೆ ಸುಳ್ಳನ್ನು ಇನ್ನೂ ಚೆನ್ನಾಗಿ ಹೇಳಬೇಕು.

ಕೆಲವು ಸೋಮವಾರ ನೆಟ್ಟಗೇ ಹೋದವು. ಆಮೇಲೊಂದು ಸೋಮವಾರ ಮೇಜಿನ ಮೇಲೆ ಮದುಮಗಳ ಖಣ, ಕತ್ತರಿ ಅರ್ಧ ದಾರಿಯಲ್ಲಿ, ಅಸ್ಫಾಕನ ತುಟಿಗಳ ನಡುವೆ ಗುಂಡುಸೂಜಿ. ಫೋನು ರಿಂಗಾಯಿತು. ಅವನು ಕೈ ಚಾಚುವಷ್ಟರಲ್ಲಿ ಶಿವಗಂಗವ್ವ ಎತ್ತಿಯಾಗಿತ್ತು.

"ಇಲ್ರಿ ಸಾಹೇಬ್ರ, ಅವನ್ನ ಮಿರಜದ ದವಾಖಾನಿಗೆ ಒಯ್ದಾರ್ರಿ. ಹೊಟ್ಟಿ ಆಪ್ರೇಶನ್."

ಅಸ್ಫಾಕ ಸೂಜಿಗಳನ್ನು ಉಗುಳಿ "ಯವ್ವಾ!" ಎನ್ನುವಾಗ ಫೋನು ಕಟ್ಟಾಗಿತ್ತು. ತಿರುಗಿ ಹಚ್ಚಿದರೆ ಸಾಹೇಬ ಎತ್ತಲಿಲ್ಲ.

ಎತ್ತುವುದು ಹೇಗೆ? ಅವನು ಬೈಕಿನ ಮೇಲಿದ್ದ. ಅಸ್ಫಾಕನ ಮುಖ ಎಂದೂ ನೋಡಿರದ ಬಸವಲಿಂಗ ಮಧ್ಯಾಹ್ನಕ್ಕೆ ಅಂಗಡಿಯ ಮುಂದೆ ಇಳಿದ. ಸಂಶಯ ಪೂರ್ತಿ ಇತ್ತು. ಆದರೂ ಖರೆ ರೋಗಿಯಾಗಿದ್ದರೆ ಬರಿಗೈಯಲ್ಲಿ ನೋಡುವುದು ಹೇಗೆಂದು ಒಂದು ಡಜನ್ ಬಾಳೆಹಣ್ಣು ತಂದಿದ್ದ.

"ಅಸ್ಫಾಕ ಅವರ ಮನಿ ಎಲ್ಲೈತ್ರಿ?"

"ನಾನ ಅಸ್ಫಾಕ್ರಿ," ಎಂದು ಅಸ್ಫಾಕ ಎದ್ದು ನಿಂತ.

ಅಣ್ಣಪ್ಪ ನಡುವೆ ಬಂದ. "ಅಲ್ರಿ ಸಾಹೇಬ್ರ, ಇಂವ ಅವನ ತಮ್ಮ. ಅಣ್ಣನ ಚಿಂತ್ಯಾಗ ತಲಿ ಸ್ವಲ್ಪ ಹಿಂಗಾಗೇತಿ."

"ಕಾಕಾ, ಕೈ ಮುಗೀತೇನಿ, ಸುಮ್ನ ಕೂಡ್ರಿ!"

"ನೋಡ್ರಿ, ಹೆಂಗ ಒದರತಾನ."

ಬಸವಲಿಂಗ ಕೈಲಿದ್ದ ಫೈಲಿನ ಫೋಟೊ ನೋಡಿದ. ಅದರಲ್ಲಿ ಗಡ್ಡವಿರಲಿಲ್ಲ, ಎದುರಿಗಿದ್ದವನಿಗೆ ಎದೆಯವರೆಗೆ ಇತ್ತು. ಅವನು ಫೋನು ತೆಗೆದು ನಂಬರು ಒತ್ತಿದ. ಮೇಜಿನ ಮೇಲಿನ ಫೋನು ರಿಂಗಾಯಿತು. ಶಿವಗಂಗವ್ವನ ಕೈ ರೂಢಿಯಂತೆ ಹೋಯಿತು.

"ಇಲ್ರಿ ಸಾಹೇಬ್ರ, ಇನ್ನಾ ಮಿರಜದಾಗ ಅದಾನ."

ಒಂದು ಕಿವಿಗೆ ಫೋನಿನಿಂದ, ಇನ್ನೊಂದಕ್ಕೆ ಎದುರಿನಿಂದ, ಬಸವಲಿಂಗನಿಗೆ ಆ ಮಾತು ಎರಡು ಸಲ ಕೇಳಿಸಿತು. ಅವನ ಕಣ್ಣು ಒಳಗಿದ್ದ ಮಶೀನಿನ ಕಡೆ ಹೊರಳಿತು.

ಅದನ್ನು ನೋಡಿದ್ದೇ ಅಸ್ಫಾಕ ಮಶೀನಿಗೆ ಅಡ್ಡ ನಿಂತ. ಅದು ಹೋದರೆ ಮದುಮಗಳ ಬ್ಲೌಸೂ ಇಲ್ಲ, ಮುಂದಿನ ಕಂತೂ ಇಲ್ಲ. ಜೇಬಿನಲ್ಲಿ ಮಡಚಿಟ್ಟಿದ್ದ ನೋಟುಗಳನ್ನು ತೆಗೆದು ಮುಂದೆ ಹಿಡಿದ.

"ಸಾಲ ನಂದ್ರಿ! ನನ್ನ ತಮ್ಮಂದಲ್ಲ, ನನಗ ತಮ್ಮನ ಇಲ್ಲ. ತಗೋರಿ, ಈ ತಿಂಗಳ ಕಂತ. ಶುಕ್ರವಾರ ತುಂಬಾಂವ ಇದ್ದೆ."

ಬಸವಲಿಂಗ ನೋಟು ಎಣಿಸಿದ. ಲೆಕ್ಕ ಸರಿಯಿತ್ತು. ಅಲ್ಲೇ ಸ್ಟೂಲಿನ ಮೇಲೆ ಕೂತು, ತಡೆಯಲಾರದೆ ನಕ್ಕುಬಿಟ್ಟ.

"ಸಾಲ ನಂದಲ್ಲ ಅನ್ನಾವ್ರನ್ನ ದಿನಾ ನೋಡತೇನ್ರಿ. ನಂದ ಅಂತ ಜಗಳಾ ತೆಗದಾವ್ರು ನೀವ ಒಬ್ರ. ಇರಲಿ, ಮಶೀನ ಇಲ್ಲೇ ಇರಲಿ." ಅವನು ಪಾವತಿ ಪುಸ್ತಕ ಬಿಚ್ಚಿ ಕಟ್ಟೆಯ ಕಡೆ ತಿರುಗಿದ. "ಆದ್ರ ನೀವಿಬ್ರೂ ಇವರು ಅಸ್ಫಾಕ ಅಲ್ಲ ಅಂತೀರಿ. ಯಾರ ಹೆಸರಿಗೆ ಬರೀಲಿ ಅಕ್ಕಾರ?"

ಶಿವಗಂಗವ್ವ ಅಸ್ಫಾಕನ ಮುಖ ನೋಡಿದಳು. ಅವನು ಹೇಳೆಂದು ತಲೆಯಾಡಿಸಿದ. ಅಣ್ಣಪ್ಪ ಬಸ್ಸು ಬಂತೇನೋ ಎಂಬಂತೆ ರಸ್ತೆಯ ಕಡೆ ನೋಡತೊಡಗಿದ. ಮಗನನ್ನು ಪೊಲೀಸರಿಗೆ ಒಪ್ಪಿಸುವವಳ ಹಾಗೆ ಅವಳು ಸೆರಗು ಸರಿಪಡಿಸಿಕೊಂಡಳು.

"ಅಸ್ಫಾಕ ಅಂತ ಬರಕೋರಿ," ಎಂದಳು ಸಣ್ಣ ದನಿಯಲ್ಲಿ. "ಭಾಳ ಚಲೋ ಮನಶ್ಯಾ ಅಂತನೂ ಬರೀರಿ."