ಅಂಟಿಸಿಟ್ಟ ಪುಟ

ಆಗೆಲ್ಲ ಮಳವಳ್ಳಿಯ ಬಸ್ಸುಗಳು ಇದ್ದಿಲಿನ ಹೊಗೆ ಉಗುಳುತ್ತ ಓಡುತ್ತಿದ್ದವು. ಯುದ್ಧಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ನಮ್ಮ ತರಗತಿಯಲ್ಲಿ ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ಹಳಗನ್ನಡದ ನಾಟಕವೊಂದು ಪಠ್ಯವಾಗಿತ್ತು. ನಾಯಕಿ ತೋಟದಲ್ಲಿ ರಾಜನನ್ನು ಕಂಡಳೋ ಇಲ್ಲವೋ, ಮೇಷ್ಟ್ರು ಕೆಮ್ಮಿ, "ಇದು ಬೇಡ, ಮುಂದಿನ ಪುಟ ತೆಗೀರಿ" ಎಂದರು. ಸಂಜೆ ಹುಡುಗರನ್ನು ಮಾತ್ರ ಹೊಂಗೆಮರದ ಕೆಳಗೆ ಕೂರಿಸಿಕೊಂಡು ಅದೇ ಪುಟದ ಅರ್ಥ ಹೇಳಿಕೊಟ್ಟರು. ಪುಟ ನನ್ನ ಪುಸ್ತಕದಲ್ಲೂ ಇತ್ತು, ಆದರೆ ಹೇಳಿಕೊಡದೆ ಆ ಹಳಗನ್ನಡ ನನಗೆ ಬಿಡಿಸಲು ಬರುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಅಪ್ಪ ಮೊದಲೇ ಹೇಳಿದ್ದ: "ಪಾಸಾದ್ರೆ ಓದು. ಪೇಲಾದ್ರೆ ಇಸ್ಕೂಲು ಬುಟ್ಬುಟ್ಟು ಮನೇಲಿರು."

ಪಕ್ಕದ ಮನೆಯ ನಿಂಗ ನನ್ನ ತರಗತಿಯವನೇ. ಬಿಸಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟು ಕೇಳಿದೆ: "ಆ ಪುಟದಾಗೆ ಏನೈತೆ ಹೇಳ್ಲಾ."

ರೊಟ್ಟಿ ಪೂರ್ತಿ ತಿಂದು ಬಾಯಿ ಒರೆಸಿಕೊಂಡು, "ನಾಚ್ಕೆ ಆಯ್ತದೆ ಕಣಮ್ಮಿ. ನಿಮ್ಮಪ್ಪಂಗೆ ಗೊತ್ತಾದ್ರೆ ನನ್ ಕಾಲು ಮುರೀತಾನೆ" ಎಂದು ಎದ್ದು ಓಡಿದ. ರೊಟ್ಟಿ ತಿನ್ನುವಾಗ ಇಲ್ಲದ ನಾಚಿಕೆ!

ಮಂಡ್ಯದಲ್ಲಿದ್ದ ಸೋದರಮಾವನಿಗೆ ಗೋಗರೆದು ಹೇಳಿಕಳಿಸಿದೆ. ನಾಟಕಕ್ಕೆ ಹೊಸಗನ್ನಡದಲ್ಲಿ ಅರ್ಥ ಬರೆದ ಪುಸ್ತಕವನ್ನು ಹುಡುಕಿ, ಬಸ್ಸಿನವನ ಕೈಲಿ ಕಳಿಸಿದ. ಬಸ್ಸು ನಿಲ್ಲುತ್ತಿದ್ದದ್ದು ಶಾಲೆಯ ಮುಂದೆ. ಪುಸ್ತಕ ಮೊದಲು ಸೇರಿದ್ದು ಮೇಷ್ಟ್ರ ಕೈ. ಮರುದಿನ ಅವರು, "ಒಳ್ಳೇ ಪುಸ್ತಕಮ್ಮ, ಚೆನ್ನಾಗಿ ಓದು" ಎಂದು ಕೊಟ್ಟರು.

ಮನೆಗೆ ಓಡಿ ಆ ಪುಟ ತೆರೆಯಲು ಹೋದರೆ ಹಾಳೆಗೆ ಹಾಳೆ ಅಂಟಿಕೊಂಡಿತ್ತು. ಹುಣಸೆಬೀಜದ ಅಂಟಿನ ಹಸಿ ವಾಸನೆ. ಅವ್ವನ ಉಪ್ಸಾರಿನ ಮಡಕೆಯ ಹಬೆಗೆ ಹಿಡಿದು ಬಿಡಿಸಿದೆ. ಅಂಟಿನ ಜೊತೆ ಅಕ್ಷರಗಳೂ ಕಿತ್ತುಬಂದವು. ಒಲೆಯ ಮುಂದೆಯೇ ಕೂತು ಅತ್ತೆ.

ಪರೀಕ್ಷೆಯ ದೊಡ್ಡ ಪ್ರಶ್ನೆ ಬಂದದ್ದು ಆ ಪುಟದಿಂದಲೇ. ನಿಂಗ ಪಾಸಾದ. ನಾನು ಕನ್ನಡದಲ್ಲಿ ಫೇಲು. ಮೇಷ್ಟ್ರು ಮನೆಗೆ ಬಂದು, "ಜಾಣೆ ಹುಡುಗಿ, ಯಾಕೆ ಹೀಗಾಯ್ತೋ" ಎಂದು ಅಪ್ಪನ ಎದುರು ಮರುಗಿದರು. ಯಾಕೆಂದು ಗೊತ್ತಿಲ್ಲವಂತೆ! ಅವ್ವ ಅವರಿಗೆ ಮಜ್ಜಿಗೆ ಕೊಟ್ಟಳು. ನನ್ನ ಶಾಲೆ ಅಲ್ಲಿಗೆ ಮುಗಿಯಿತು.

ಈಗ ಮೊಮ್ಮಗಳ ಮೇಜಿನ ಮೇಲೆ ಪ್ರತಿ ಪಾಠಕ್ಕೂ ಒಂದು ಗೈಡು, ಆಕಳಿಸುತ್ತ ಮಗುಚುತ್ತಾಳೆ. ತಲೆ ನರೆತ ಮೇಲೆ ನಾನು ಆ ನಾಟಕದ ಅರ್ಥವನ್ನು ಅವಳಿಂದ ತರಿಸಿಕೊಂಡು ಓದಿದೆ. ಆ ಪುಟದಲ್ಲಿ ನಾಯಕಿ ಗೆಳತಿಗೆ ಹೇಳುವುದು ಇಷ್ಟೇ: ಹೂ ಕೊಡುವಾಗ ಅವನ ಬೆರಳು ತಾಕಿತು, ಹೂ ಕೆಳಗೆ ಬಿತ್ತು.

ಹದಿನೈದರಲ್ಲಿ ಓದಿದ್ದರೆ ಎದೆ ಡವಡವ ಎನ್ನುತ್ತಿತ್ತು. ಈಗ ಅರ್ಥವಾಯಿತು, ಅಷ್ಟೇ.